ಕರೆದರೆ ಬರುವ ಟೆಲಿವಿಷನ್



ಬೆಂಗಳೂರಿನ ನೇರಳೆ ಮಾರ್ಗದ ಮೆಟ್ರೊ ಹತ್ತಿ ಗರುಡಾಚಾರ್‌ಪಾಳ್ಯದಲ್ಲಿ ಇಳಿದವರು, ಮೆಟ್ಟಿಲ ಕಡೆ ಹೆಜ್ಜೆ ಹಾಕುವ ಮುಂಚೆ ಪ್ಲಾಟ್‌ಫಾರಂನಿಂದ ಒಮ್ಮೆ ಊರಿನ ತಾರಸಿಗಳ ಕಡೆ ನೋಡಿ. ಕಪ್ಪು ನೀರಿನ ಟ್ಯಾಂಕುಗಳು, ಸೋಲಾರ್ ಹೀಟರುಗಳು, ಒಣಹಾಕಿದ ಬಟ್ಟೆಗಳು, ಅಲ್ಲೊಂದು ಇಲ್ಲೊಂದು ತುಕ್ಕು ಹಿಡಿದ ಡಿಶ್ ಛತ್ರಿ ಕಾಣುತ್ತವೆ. ಉದ್ದ ಪೈಪಿಗೆ ಅಲ್ಯೂಮಿನಿಯಂ ಕಡ್ಡಿಗಳನ್ನು ಅಡ್ಡಡ್ಡ ಜೋಡಿಸಿದ ಏರಿಯಲ್ ಮಾತ್ರ ಎಲ್ಲೂ ಕಾಣಿಸುವುದಿಲ್ಲ. ಹಾಗೆಂದು ಆ ತಾರಸಿಗಳ ಕೆಳಗೆ ಟಿ.ವಿ. ಇಲ್ಲವೆಂದಲ್ಲ. ಒಂದೊಂದು ಮನೆಯಲ್ಲೂ ಇದೆ. ಎಷ್ಟೋ ಮನೆಗಳಲ್ಲಿ ಕೇಬಲ್ಲೂ ಇಲ್ಲ, ಡಿಶ್ಶೂ ಇಲ್ಲ. ದಾರದಷ್ಟು ಸಣ್ಣ ಫೈಬರ್ ಎಳೆಯೊಂದು ಕಿಟಕಿಯ ಸಂದಿನಿಂದ ಒಳಬಂದು ಗೋಡೆಯ ವೈಫೈ ಪೆಟ್ಟಿಗೆಗೆ ಸೇರುತ್ತದೆ. ಅಲ್ಲಿಂದ ಮುಂದಕ್ಕೆ ತಂತಿಯಿಲ್ಲ. ಟಿ.ವಿ.ಯ ಬೆನ್ನಿಗೆ ಚುಚ್ಚಿದ ಹೆಬ್ಬೆರಳುದ್ದದ ಒಂದು ಸ್ಟಿಕ್, ಮಿಕ್ಕ ಕೆಲಸವನ್ನೆಲ್ಲ ಮಾಡುತ್ತದೆ.

ಈ ಸ್ಟಿಕ್ ಹೇಗೆ ಕೆಲಸ ಮಾಡುತ್ತದೆ, ಅದನ್ನು ಮನೆಗೆ ತಂದವರು ಏನೇನು ಗಮನಿಸಬೇಕು ಎಂಬುದನ್ನು ಇವತ್ತು ಹೇಳುತ್ತೇನೆ. ಅದಕ್ಕಿಂತ ಮುಖ್ಯವಾಗಿ ಮತ್ತೊಂದು ಮಾತಿದೆ. ಏರಿಯಲ್ ಇದ್ದಾಗ ಕನ್ನಡ ತಾನಾಗಿ ಮನೆಗೆ ಬರುತ್ತಿತ್ತು. ಈಗ ಕರೆದರಷ್ಟೇ ಬರುತ್ತದೆ. ನಮ್ಮಂಥ ಹತ್ತು ಭಾಷೆಯ ಬಡಾವಣೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಬೆಂಗಳೂರಿಗೆ ಟೆಲಿವಿಷನ್ ಬಂದದ್ದು 1981ರಲ್ಲಿ. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದೇ ಪ್ರಸಾರ ಶುರುವಾಗಿತ್ತು. ನಮಗೆ ಅದು ಮುಟ್ಟಲು ಇಪ್ಪತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಆಗ ಗರುಡಾಚಾರ್‌ಪಾಳ್ಯ ನಗರದ ಹೊರಗಿನ ಹಳ್ಳಿ. ಇತ್ತ ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆ ಟೆಲಿಫೋನ್ ತಯಾರಿಸುತ್ತಿತ್ತು, ಅತ್ತ ವೈಟ್‌ಫೀಲ್ಡ್ ಕಡೆಗೆ ಹೊಲ, ತೋಪು, ಕೆರೆ. ಟಿ.ವಿ. ಕೊಂಡವರು ಏರಿಯಲ್ಲಿನ ಮುಖವನ್ನು ಪಶ್ಚಿಮಕ್ಕೆ, ಜೆ.ಸಿ. ನಗರದ ಟಿ.ವಿ. ಟವರಿನ ದಿಕ್ಕಿಗೆ ತಿರುಗಿಸುತ್ತಿದ್ದರು. ಒಬ್ಬರು ಮೇಲೆ ನಿಂತು ಕಂಬ ತಿರುಗಿಸುವುದು, ಇನ್ನೊಬ್ಬರು ಕೆಳಗಿನಿಂದ ‘ಬಂತು, ಬಂತು, ಅಯ್ಯೋ ಹೋಯ್ತು’ ಎಂದು ಕೂಗುವುದು ಆ ಕಾಲದ ಮನೆಮನೆಯ ಅನುಭವ. ಒಮ್ಮೆ ದಿಕ್ಕು ಸರಿಹೋದರೆ ಆಯಿತು, ಆಮೇಲೆ ಅದು ಏನನ್ನೂ ಕೇಳುತ್ತಿರಲಿಲ್ಲ. ತಿಂಗಳ ಬಾಡಿಗೆ ಇಲ್ಲ, ಪಾಸ್‌ವರ್ಡ್ ಇಲ್ಲ. ನೀವು ಯಾರು, ಏನು ನೋಡುತ್ತೀರಿ ಎಂದು ಟವರಿಗೆ ಗೊತ್ತಾಗುವ ದಾರಿಯೂ ಇರಲಿಲ್ಲ. ಟವರ್ ಕಳಿಸಿದ್ದೇ ಎಲ್ಲರ ಪಾಲಿನದು: ಕನ್ನಡ ವಾರ್ತೆ, ರೈತರ ಕಾರ್ಯಕ್ರಮ, ಚಿತ್ರಮಂಜರಿ, ವಾರಕ್ಕೊಂದು ಸಿನಿಮಾ. ಹಲಸೂರಿನ ತಮಿಳು ಮನೆಯೂ ಶಿವಾಜಿನಗರದ ಉರ್ದು ಮನೆಯೂ ಕೆ.ಆರ್. ಪುರದ ತೆಲುಗು ಮನೆಯೂ ಕನ್ನಡ ವಾರ್ತೆಯನ್ನು ಕೇಳಿಸಿಕೊಂಡವು. ಕಿವಿಗೆ ಬಿದ್ದ ಭಾಷೆ ಒಂದಲ್ಲ ಒಂದು ದಿನ ನಾಲಿಗೆಗೂ ಬರುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕನ್ನಡ ಹೀಗೆ ಸದ್ದಿಲ್ಲದೆ ನೆಲೆಯೂರಿದ್ದನ್ನು ನಾನು ಕಂಡಿದ್ದೇನೆ.

ಬೆಂಗಳೂರಿಗಿಂತ ಮೊದಲೇ ಕರ್ನಾಟಕದಲ್ಲಿ ಟಿ.ವಿ. ಕಂಡವರಿದ್ದರು ಎಂಬುದನ್ನು ನಾವು ಮರೆತಿದ್ದೇವೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಇಸ್ರೊ ಸಂಸ್ಥೆಯು ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳಿಸಿತು. ಸೈಟ್ ಎಂದು ಹೆಸರಾದ ಆ ಪ್ರಯೋಗದಲ್ಲಿ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಕೋಳಿಗೂಡಿಗೆ ಹೊಡೆಯುವ ತಂತಿ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ತಟ್ಟೆ, ಪಕ್ಕದಲ್ಲಿ ಒಂದು ಟಿ.ವಿ., ಎದುರಿಗೆ ಇಡೀ ಊರು. ಒಂದೇ ಚಿತ್ರದೊಂದಿಗೆ ಎರಡು ಭಾಷೆಯ ಧ್ವನಿ ಕಳಿಸುವ ಏರ್ಪಾಡು ಕೂಡ ಅದರಲ್ಲಿತ್ತು. ಈಗ ಅದೇ ಸೀಮೆಯಿಂದ, ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು ಮಹದೇವಪುರದ ಸುತ್ತ ಅಪಾರ್ಟ್‌ಮೆಂಟುಗಳನ್ನು ಕಟ್ಟುತ್ತಿದ್ದಾರೆ. ಅವರ ಅಜ್ಜ ಅಜ್ಜಿಯರು ಊರ ಕಟ್ಟೆಯ ಮುಂದೆ ಕೂತು, ಆಕಾಶದಿಂದ ಬಂದ ಕನ್ನಡವನ್ನು ಕೇಳಿದವರು. ಮೊಮ್ಮಕ್ಕಳು ತಗಡಿನ ಶೆಡ್ಡಿನಲ್ಲಿ ಫೋನ್ ಹಿಡಿದು ರೀಲ್ಸ್ ನೋಡುತ್ತಿದ್ದಾರೆ. ಈ ಅರ್ಧ ಶತಮಾನದ ದಾರಿಯನ್ನು ಯೋಚಿಸಿದಾಗ ನನಗೆ ಬೆರಗೂ ಆಗುತ್ತದೆ, ಕಳವಳವೂ ಆಗುತ್ತದೆ.

ಏರಿಯಲ್ಲನ್ನು ತಾರಸಿಯಿಂದ ಮೊದಲು ಇಳಿಸಿದ್ದು ಕೇಬಲ್. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ವಿದೇಶಿ ವಾಹಿನಿಗಳ ರುಚಿ ಹತ್ತಿತು. ಬೀದಿಗೊಬ್ಬ ಕೇಬಲ್‌ನವನು ಹುಟ್ಟಿಕೊಂಡ. ಮರದಿಂದ ಕಂಬಕ್ಕೆ, ಕಂಬದಿಂದ ತಾರಸಿಗೆ ಕಪ್ಪು ವೈರು ಹರಿಯಿತು. 1994ರ ಜೂನ್‌ನಲ್ಲಿ ಉದಯ ಟಿ.ವಿ. ಬಂದ ಮೇಲಂತೂ ಕನ್ನಡ ಮನೆಗಳಿಗೆ ಕೇಬಲ್ ಬೇಕೇ ಬೇಕೆನಿಸಿತು. ಇಲ್ಲಿ ಒಂದು ಕಾನೂನಿನ ವಿಷಯ ಹೇಳಬೇಕು, ಮುಂದೆ ಅದರ ಕೆಲಸ ಬೀಳುತ್ತದೆ. 1995ರ ಕೇಬಲ್ ಟೆಲಿವಿಷನ್ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಕೇಬಲ್‌ನವರು ದೂರದರ್ಶನದ ವಾಹಿನಿಗಳನ್ನು ಕಡ್ಡಾಯವಾಗಿ ತೋರಿಸಬೇಕಿತ್ತು. 2000ದಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಆಯಾ ರಾಜ್ಯದ ಭಾಷೆಯ ದೂರದರ್ಶನ ವಾಹಿನಿಯನ್ನೂ ಸುಲಭವಾಗಿ ಸಿಗುವ ಜಾಗದಲ್ಲೇ ಇಡಬೇಕೆಂದಾಯಿತು. ಆದ್ದರಿಂದ ಬಾಂಬೆಯಿಂದ ಬಂದ ವಾಹಿನಿ, ಹಾಂಗ್‌ಕಾಂಗ್‌ನಿಂದ ಬಂದ ವಾಹಿನಿ ಎಷ್ಟೇ ನುಗ್ಗಿದರೂ ಕರ್ನಾಟಕದ ಕೇಬಲ್ಲಿನಲ್ಲಿ ದೂರದರ್ಶನದ ಕನ್ನಡ ವಾಹಿನಿ ಚಂದನಕ್ಕೆ ಒಂದು ಖಾತ್ರಿ ಜಾಗ ಇತ್ತು. ರಿಮೋಟ್ ಒತ್ತುತ್ತಾ ಹೋದವರು ಅದನ್ನು ದಾಟಿಯೇ ಹೋಗಬೇಕಿತ್ತು. 2002ರ ಜನವರಿಯಲ್ಲಿ ಶುರುವಾದ ‘ಥಟ್ ಅಂತ ಹೇಳಿ’ ರಸಪ್ರಶ್ನೆ ಕಾರ್ಯಕ್ರಮವನ್ನು ಹಾಗೆ ದಾಟಿ ಹೋಗುತ್ತಿದ್ದವರೇ ನಿಂತು ನೋಡಿದರು, ಮಕ್ಕಳನ್ನು ಕರೆದು ಕೂರಿಸಿದರು. ಡಾ. ನಾ. ಸೋಮೇಶ್ವರ ಅವರ ಪ್ರಶ್ನೆಗಳಿಗೆ ಅಡುಗೆಮನೆಯಿಂದ ಉತ್ತರ ಬರುತ್ತಿತ್ತು.

2013ರಲ್ಲಿ, ಡಿಜಿಟಲೀಕರಣದ ಎರಡನೇ ಹಂತದಲ್ಲಿ ಬೆಂಗಳೂರು, ಮೈಸೂರುಗಳ ಹಳೆಯ ಕೇಬಲ್ ನಿಂತು ಸೆಟ್‌ಟಾಪ್ ಬಾಕ್ಸ್ ಬಂತು. ಅದೇ ವರ್ಷ ಅಮೆರಿಕದಲ್ಲಿ ಗೂಗಲ್‌ನ ಕ್ರೋಮ್‌ಕಾಸ್ಟ್ ಎಂಬ ಸ್ಟಿಕ್ ಮಾರಾಟಕ್ಕೆ ಬಂದಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾದ ಬೆಲೆ ಕುಸಿಯಿತು, 2017ರಲ್ಲಿ ಅಮೆಜಾನ್‌ನ ಫೈರ್ ಸ್ಟಿಕ್ ಭಾರತಕ್ಕೆ ಬಂತು, 2020ರ ಲಾಕ್‌ಡೌನಿನಲ್ಲಿ ಮನೆಯಿಂದಲೇ ಕೆಲಸ ಮಾಡುವವರಿಗಾಗಿ ಐಟಿಪಿಎಲ್ ರಸ್ತೆಯ ಅಡ್ಡರಸ್ತೆಗಳಿಗೂ ಫೈಬರ್ ಹರಿಯಿತು. ಅತ್ತ ದೂರದರ್ಶನವೂ ತನ್ನ ಹಳೆಯ ಅನಲಾಗ್ ಟವರುಗಳನ್ನು ಒಂದೊಂದಾಗಿ ಆರಿಸಿತು. 2022ರ ಮಾರ್ಚ್ ಹೊತ್ತಿಗೆ ಆಯಕಟ್ಟಿನ ಸುಮಾರು 50 ಕಡೆ ಬಿಟ್ಟು ಮಿಕ್ಕೆಲ್ಲ ನಿಂತವು. ಬೆಂಗಳೂರು ಸೇರಿ 16 ನಗರಗಳಲ್ಲಿ 2016ರಿಂದ ಡಿಜಿಟಲ್ ಭೂಪ್ರಸಾರ ಶುರುವಾಗಿತ್ತು. ಅದನ್ನು ಹಿಡಿಯುವ ಟ್ಯೂನರ್ ಬೇಕೆಂದು ಅಂಗಡಿಯಲ್ಲಿ ಕೇಳಿದವರು ವಿರಳ.

ಈಗ ಸ್ಟಿಕ್ಕಿನ ಕೆಲಸ ಹೇಗೆಂದು ನೋಡೋಣ. ಅದರೊಳಗೆ ಇರುವುದು ಪರದೆಯಿಲ್ಲದ ಒಂದು ಪುಟ್ಟ ಕಂಪ್ಯೂಟರ್. ನೀವು ಸಿನಿಮಾದ ಹೆಸರನ್ನು ಒತ್ತಿದ ಕೂಡಲೇ ಅದು ವೈಫೈ ಮೂಲಕ ಆ ಕಂಪನಿಯ ಸರ್ವರಿಗೆ ಬೇಡಿಕೆ ಕಳಿಸುತ್ತದೆ. ಸಿನಿಮಾ ಇಡಿಯಾಗಿ ಬರುವುದಿಲ್ಲ. ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಬರುತ್ತದೆ. ಒಂದನ್ನು ತೋರಿಸುತ್ತಿರುವಾಗಲೇ ಮುಂದಿನ ತುಣುಕುಗಳನ್ನು ತಂದು ಕೂಡಿಟ್ಟುಕೊಳ್ಳುತ್ತದೆ. ಒಂದೊಂದು ತುಣುಕನ್ನೂ ಹಲವು ಗುಣಮಟ್ಟದಲ್ಲಿ ತಯಾರಿಸಿ ಇಟ್ಟಿರುತ್ತಾರೆ. ನಿಮ್ಮ ಇಂಟರ್ನೆಟ್ಟಿನ ವೇಗ ಇಳಿದರೆ ಸ್ಟಿಕ್ ತಾನೇ ಕಡಿಮೆ ಗುಣಮಟ್ಟದ ತುಣುಕನ್ನು ಕೇಳುತ್ತದೆ, ಆಗ ಚಿತ್ರ ಮಸುಕಾಗುತ್ತದೆ. ಕೂಡಿಟ್ಟದ್ದು ಪೂರ್ತಿ ಖಾಲಿಯಾದರೆ ಪರದೆಯ ನಡುವೆ ಆ ಚಕ್ರ ಸುತ್ತುತ್ತದೆ. ಫೋನಿನಿಂದ ಟಿ.ವಿ.ಗೆ ‘ಕಾಸ್ಟ್’ ಮಾಡುವಾಗಲೂ ಸಾಮಾನ್ಯವಾಗಿ ಚಿತ್ರ ಫೋನಿನಿಂದ ಹೋಗುವುದಿಲ್ಲ. ಇಂಥದ್ದನ್ನು ತೋರಿಸು ಎಂದು ಫೋನ್ ಹೇಳುತ್ತದೆ, ತರುವ ಕೆಲಸ ಸ್ಟಿಕ್ಕಿನದು. ಹಾಗಾಗಿ ಆಮೇಲೆ ಫೋನ್ ಹಿಡಿದು ಹೊರಗೆ ಹೋದರೂ ಸಿನಿಮಾ ನಿಲ್ಲುವುದಿಲ್ಲ.

ಟವರಿನ ಪ್ರಸಾರ ಮಳೆಯಿದ್ದ ಹಾಗೆ. ಒಂದು ಮನೆ ನೋಡಿದರೂ ಹತ್ತು ಲಕ್ಷ ಮನೆ ನೋಡಿದರೂ ಟವರಿಗೆ ಅಷ್ಟೇ ಖರ್ಚು, ಯಾರ ಅಂಗಳಕ್ಕೆ ಎಷ್ಟು ಬಿತ್ತೆಂಬ ಲೆಕ್ಕ ಅದಕ್ಕೆ ಬೇಕಿಲ್ಲ. ಸ್ಟಿಕ್ಕಿನದು ಮೀಟರು ಹಾಕಿದ ನಲ್ಲಿ. ಪ್ರತಿ ಮನೆಗೂ ಪ್ರತ್ಯೇಕ ಹರಿವು, ಪ್ರತಿ ಹರಿವಿಗೂ ಲೆಕ್ಕ. ನೀವು ಯಾವ ಭಾಷೆಯಲ್ಲಿ, ಯಾವ ಹೊತ್ತಿನಲ್ಲಿ ಏನನ್ನು ನೋಡಿದಿರಿ, ಎಲ್ಲಿ ಬೇಸರಪಟ್ಟು ನಿಲ್ಲಿಸಿದಿರಿ ಎಂಬುದೆಲ್ಲ ದಾಖಲಾಗುತ್ತದೆ. ನಾಳೆ ನಿಮ್ಮ ಪರದೆಯ ಮೊದಲ ಸಾಲಿನಲ್ಲಿ ಏನು ಕಾಣಬೇಕೆಂದು ಆ ಲೆಕ್ಕವೇ ತೀರ್ಮಾನಿಸುತ್ತದೆ.

ಹೊಸದಾಗಿ ಹಾಕಿಸಿಕೊಳ್ಳುವವರಿಗೆ ಉಪಯೋಗಕ್ಕೆ ಬರುವ ಕೆಲವು ಮಾತು. ನೆರೆಹೊರೆಯಲ್ಲಿ ‘ಸಾರ್, ಟಿ.ವಿ. ಆಗಾಗ ತಾನೇ ಆಫ್ ಆಗಿ ಆನ್ ಆಗ್ತಿದೆ, ಸ್ವಲ್ಪ ನೋಡ್ತೀರಾ’ ಎಂದು ಕರೆದಾಗ ನಾನು ಮೊದಲು ಸ್ಟಿಕ್ಕಿಗೆ ಕರೆಂಟು ಎಲ್ಲಿಂದ ಬರುತ್ತಿದೆ ಎಂದು ನೋಡುತ್ತೇನೆ. ಹಳೆಯ ಟಿ.ವಿ.ಯ ಯುಎಸ್‌ಬಿ ಕಿಂಡಿ ಅರ್ಧ ಆಂಪಿಯರ್ ಕೊಡುತ್ತದೆ, ಸ್ಟಿಕ್ಕಿಗೆ ಸಾಮಾನ್ಯವಾಗಿ ಒಂದು ಆಂಪಿಯರ್ ಬೇಕು. ಅದರ ಜತೆಗೇ ಬಂದ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೆ ಹಾಕಿದರೆ ಅರ್ಧಕ್ಕರ್ಧ ತೊಂದರೆ ನಿಲ್ಲುತ್ತದೆ. ವೈಫೈ ಪೆಟ್ಟಿಗೆಯನ್ನು ಚಪ್ಪಲಿ ಸ್ಟ್ಯಾಂಡಿನ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ ಇಡಬೇಡಿ. ಟಿ.ವಿ. ಅದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್‌ನ ಸಂಪರ್ಕ ಚೆನ್ನು. ಗೋಡೆಗಳನ್ನು ದಾಟಿ ಹೋಗಬೇಕಾದರೆ 2.4 ಗಿಗಾಹರ್ಟ್ಸ್‌ನದು ಹೆಚ್ಚು ದೂರ ಮುಟ್ಟುತ್ತದೆ. ಆದರೆ ನಮ್ಮಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು, ಒಂದೇ ಪಿ.ಜಿ.ಯಲ್ಲಿ ಮಹಡಿಗೊಂದು ವೈಫೈ. ಎಲ್ಲರೂ 2.4ರಲ್ಲೇ ಕೂತು ಒಬ್ಬರನ್ನೊಬ್ಬರು ತಳ್ಳುತ್ತಿರುತ್ತಾರೆ. ಹಿಂಭಾಗದಲ್ಲಿ ಎಚ್‌ಡಿಎಂಐ ಕಿಂಡಿಯೇ ಇಲ್ಲದ ಹಳೆಯ ಡಬ್ಬಿ ಟಿ.ವಿ. ಇದ್ದರೆ ಅದನ್ನು ಎಸೆಯಬೇಕಿಲ್ಲ. ಕೆಂಪು, ಬಿಳಿ, ಹಳದಿ ಪಿನ್ನಿಗೆ ಬದಲಿಸಿಕೊಡುವ ಸಣ್ಣ ಪರಿವರ್ತಕ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಕರೆಂಟು ಹೋದಾಗ ವೈಫೈ ಪೆಟ್ಟಿಗೆಗೆ ಜೀವ ಹಿಡಿದಿಡುವ ಪುಟ್ಟ ಯುಪಿಎಸ್ ಕೂಡ ಅಲ್ಲೇ ಸಿಗುತ್ತದೆ.

ಡೇಟಾ ಲೆಕ್ಕವನ್ನೂ ತಿಳಿದಿರಬೇಕು. ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ವೇಗ ಬೇಕು, 4ಕೆ ಚಿತ್ರಕ್ಕೆ 15ರಿಂದ 25. ಒಂದು ಗಂಟೆ ಎಚ್‌ಡಿ ನೋಡಿದರೆ ಎರಡರಿಂದ ಮೂರು ಜಿಬಿ ಹೋಗುತ್ತದೆ. ಮನೆಗೆ ಫೈಬರ್ ಇದ್ದವರಿಗೆ ಇದು ಚಿಂತೆಯಲ್ಲ. ಆದರೆ ದಿನಕ್ಕೆ ಒಂದೂವರೆ ಜಿಬಿಯ ಫೋನ್ ರಿಚಾರ್ಜಿನಲ್ಲಿ, ಹಾಟ್‌ಸ್ಪಾಟ್ ಹಾಕಿ ಶೆಡ್ಡಿನ ಟಿ.ವಿ. ನೋಡುವ ಕುಟುಂಬಕ್ಕೆ ಒಂದು ಸಿನಿಮಾ ಮುಗಿಯುವ ಮುಂಚೆಯೇ ಆ ದಿನದ ಡೇಟಾ ಮುಗಿಯುತ್ತದೆ. ಅಂಥವರು ಸೆಟ್ಟಿಂಗಿನಲ್ಲಿ ಗುಣಮಟ್ಟವನ್ನು 480ಕ್ಕೆ ಇಳಿಸಿಕೊಂಡರೆ ಸಣ್ಣ ಪರದೆಯಲ್ಲಿ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ಡೇಟಾ ಮಾತ್ರ ಬಹಳ ಉಳಿಯುತ್ತದೆ. ತಂತಿಯೂ ಬಾಡಿಗೆಯೂ ಬೇಡವೆನ್ನುವವರಿಗೆ ದೂರದರ್ಶನದ ಫ್ರೀ ಡಿಶ್ ಇದೆ. 2004ರ ಡಿಸೆಂಬರಿನಲ್ಲಿ ಶುರುವಾದ ಈ ಸೇವೆಗೆ ಛತ್ರಿ ಮತ್ತು ಬಾಕ್ಸಿನ ಮೊದಲ ಖರ್ಚು ಬಿಟ್ಟರೆ ಮತ್ತೆ ಏನೂ ಕೊಡಬೇಕಿಲ್ಲ. ಕೂಲಿ ಕೆಲಸದ ಮನೆಗಳಿಗೆ ನಾನು ಇಂದಿಗೂ ಮೊದಲು ಹೇಳುವುದು ಇದನ್ನೇ.

ನೇರ ಪ್ರಸಾರದಲ್ಲಿ ಸ್ಟಿಕ್ ಸ್ವಲ್ಪ ಹಿಂದೆ. ತುಣುಕು ಮಾಡಿ, ಕಳಿಸಿ, ಕೂಡಿಟ್ಟು ತೋರಿಸುವಷ್ಟರಲ್ಲಿ ಅರ್ಧ ನಿಮಿಷದವರೆಗೂ ತಡವಾಗುವುದುಂಟು. ಐಪಿಎಲ್ ಸಂಜೆಗಳಲ್ಲಿ ಡಿಶ್ ಇರುವ ಮನೆಯಿಂದ ಆರ್‌ಸಿಬಿ ಸಿಕ್ಸರಿನ ಕೂಗು ಮೊದಲು ಕೇಳುತ್ತದೆ, ಚೆಂಡು ಆಮೇಲೆ ನಮ್ಮ ಪರದೆಯಲ್ಲಿ ಹಾರುತ್ತದೆ.

ಇನ್ನು ಭಾಷೆಯ ವಿಷಯ. ಸ್ಟಿಕ್ ತಂದ ಒಳ್ಳೆಯದನ್ನು ಮೊದಲು ಹೇಳಬೇಕು. ನಮ್ಮ ಬೀದಿಯಲ್ಲಿ ಒಡಿಶಾದ ಹುಡುಗರಿದ್ದಾರೆ, ಬಂಗಾಳದ ಮನೆಗೆಲಸದ ಹೆಂಗಸರಿದ್ದಾರೆ, ಆಂಧ್ರದ ಇಂಜಿನಿಯರುಗಳಿದ್ದಾರೆ, ಕೇರಳದ ನರ್ಸುಗಳಿದ್ದಾರೆ. ಹಗಲೆಲ್ಲ ಗೊತ್ತಿಲ್ಲದ ಊರಿನಲ್ಲಿ ದುಡಿದು ರಾತ್ರಿ ರೂಮಿಗೆ ಬಂದವರಿಗೆ ತಮ್ಮ ಭಾಷೆಯ ಒಂದು ಹಾಡು, ಒಂದು ವಾರ್ತೆ ಕಿವಿಗೆ ಬೀಳುವುದು ಎಷ್ಟು ದೊಡ್ಡ ಸಮಾಧಾನವೆಂದು ಪರಊರಿನಲ್ಲಿದ್ದ ಕನ್ನಡಿಗರನ್ನು ಕೇಳಿ. ನ್ಯೂಜೆರ್ಸಿಯ ಕನ್ನಡ ಮನೆಯಲ್ಲಿ ಇದೇ ಸ್ಟಿಕ್ಕು ಡಾ. ರಾಜ್ ಸಿನಿಮಾ ತೋರಿಸುತ್ತಿದೆ. ನಮಗೆ ಅಲ್ಲಿ ಬೇಕಾದದ್ದು ಅವರಿಗೆ ಇಲ್ಲಿ ಬೇಡವೆಂದು ಹೇಳಲಾಗದು.

ಒಂದೇ ಟವರ್, ಒಂದೇ ಸಂಜೆ ಇದ್ದ ಕಾಲದಲ್ಲಿ ಭಾಷೆಗಳು ಹೊತ್ತಿಗಾಗಿ ಜಗಳವಾಡಬೇಕಿತ್ತು. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆಯನ್ನು ಸಂಜೆಯ ಪ್ರಸಾರಕ್ಕೆ ಸೇರಿಸಿದಾಗ ಈ ನಗರದಲ್ಲಿ ಗಲಭೆ ಎದ್ದಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾರ್ತೆ ನಿಂತಿತು, ಹೋದ ಜೀವಗಳು ಹೋದವು. ಆ ದಿನಗಳನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ. ಶಿವಾಜಿನಗರದ ಒಂದು ಮನೆ ಉರ್ದು ವಾರ್ತೆ ನೋಡುವಾಗ ಪಕ್ಕದ ಮನೆ ಕನ್ನಡ ವಾರ್ತೆ ನೋಡಬಹುದು, ಯಾರ ಹೊತ್ತನ್ನೂ ಯಾರೂ ಕಿತ್ತುಕೊಳ್ಳಬೇಕಿಲ್ಲ ಎಂಬ ಸ್ಥಿತಿ ಇಂದು ಬಂದಿರುವುದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ಆದರೆ ಜಗಳ ನಿಂತ ಮಾತ್ರಕ್ಕೆ ಕನ್ನಡದ ಜಾಗ ಉಳಿಯಿತೆಂದು ಸುಮ್ಮನಾಗುವಂತಿಲ್ಲ. ಹೊಸ ಸ್ಟಿಕ್ಕನ್ನು ಪೆಟ್ಟಿಗೆಯಿಂದ ತೆಗೆದು ಹಾಕಿ ನೋಡಿ. ಅದಕ್ಕೆ ನೀವು ಭಾರತದಲ್ಲಿದ್ದೀರಿ ಎಂದಷ್ಟೇ ಗೊತ್ತು. ಭಾಷೆ ಆರಿಸು ಎಂದಾಗ ಹೆಚ್ಚಿನವರು ಇಂಗ್ಲಿಷ್ ಒತ್ತುತ್ತಾರೆ. ಮೊದಲ ಸಾಲಿನಲ್ಲಿ ಬರುವುದು ಹಿಂದಿ ಸರಣಿ, ಎರಡನೆಯದರಲ್ಲಿ ಇಂಗ್ಲಿಷ್. ಕನ್ನಡ ಇರುತ್ತದೆ, ಆದರೆ ಕೆಳಗೆ, ಬಲಕ್ಕೆ, ಇನ್ನೂ ಕೆಳಗೆ. ರಾತ್ರಿ ಒಂಬತ್ತಕ್ಕೆ ದಣಿದು ಕೂತವರು ಯಾರು ಅಷ್ಟು ಹುಡುಕುತ್ತಾರೆ? ಮೊದಲ ಸಾಲಿನಲ್ಲಿ ಕಂಡದ್ದನ್ನು ಒತ್ತುತ್ತಾರೆ. ಒತ್ತಿದ್ದು ಲೆಕ್ಕಕ್ಕೆ ಸೇರುತ್ತದೆ. ಈ ಮನೆಗೆ ಹಿಂದಿ ಇಷ್ಟ ಎಂದು ಯಂತ್ರ ತಿಳಿಯುತ್ತದೆ, ನಾಳೆ ಇನ್ನೂ ಎರಡು ಹಿಂದಿ ಸರಣಿ ತರುತ್ತದೆ. ಮನೆಯವರೆಲ್ಲ ಅಚ್ಚ ಕನ್ನಡದವರಾಗಿದ್ದರೂ ಆರು ತಿಂಗಳಲ್ಲಿ ಆ ಪರದೆಯಿಂದ ಕನ್ನಡ ಮಾಯವಾಗುತ್ತದೆ. ಯಾರೂ ಅದನ್ನು ಹೊರಗೆ ಹಾಕಲಿಲ್ಲ. ಯಾರೂ ಕರೆಯಲಿಲ್ಲ, ಅದಕ್ಕೆ ಬರಲಿಲ್ಲ.

ಹಿರಿಯರ ಪಾಡು ಬೇರೆ. ಎಪ್ಪತ್ತು ದಾಟಿದ ಅಜ್ಜಿಗೆ ಬೇಕಾದದ್ದು ದಿನದ ಒಂದು ಧಾರಾವಾಹಿ, ಅಷ್ಟೇ. ಈಟಿವಿ ಕನ್ನಡವಾಗಿದ್ದ ವಾಹಿನಿ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ಫೋನಿನಲ್ಲಿ, ಸ್ಟಿಕ್ಕಿನಲ್ಲಿ ಅದರ ಧಾರಾವಾಹಿಗಳು ಮೊದಲು ವೂಟ್‌ನಲ್ಲಿದ್ದವು, ಆಮೇಲೆ ಜಿಯೊಸಿನಿಮಾಗೆ ಹೋದವು, 2025ರ ಫೆಬ್ರವರಿಯಿಂದ ಜಿಯೊಹಾಟ್‌ಸ್ಟಾರ್‌ನಲ್ಲಿವೆ. ಜೀ ಕನ್ನಡದ್ದು ಜೀ5ರಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ. ರಿಮೋಟಿನ ಒಂದು ಅಂಕಿ ಒತ್ತಿದರೆ ಬರುತ್ತಿದ್ದದ್ದಕ್ಕೆ ಈಗ ಆ್ಯಪಿನ ಹೆಸರು ಗೊತ್ತಿರಬೇಕು, ಚಂದಾ ಕಟ್ಟಿರಬೇಕು, ಓಟಿಪಿ ಬರುವ ಫೋನ್ ಕೈಯಲ್ಲಿರಬೇಕು. ಮಗ ಆಫೀಸಿಗೆ ಹೋದ ಮೇಲೆ ‘ಲಾಗಿನ್ ಮಾಡಿ’ ಎಂದು ಪರದೆ ಕೇಳಿದರೆ ಅಜ್ಜಿ ಟಿ.ವಿ. ಆರಿಸಿ ಕೂರುತ್ತಾರೆ. ಇಂಥ ಮನೆಗಳಲ್ಲಿ ಕೇಬಲ್ ತೆಗೆಸಬೇಡಿ ಎಂದು ನಾನು ಹೇಳುತ್ತಲೇ ಬಂದಿದ್ದೇನೆ.

ಕರೆಯುವುದು ಹೇಗೆ ಎಂಬುದನ್ನು ಹೇಳಿಬಿಡುತ್ತೇನೆ. ಹೆಚ್ಚಿನ ಆ್ಯಪುಗಳ ಪ್ರೊಫೈಲಿನಲ್ಲಿ ಭಾಷೆಯ ಆಯ್ಕೆ ಇರುತ್ತದೆ, ಅಲ್ಲಿ ಕನ್ನಡವನ್ನು ಗುರುತು ಮಾಡಿ. ಹುಡುಕುವಾಗ ಕನ್ನಡ ಲಿಪಿಯಲ್ಲೇ ಬರೆಯಿರಿ. ಬರೆಯುವುದು ಕಷ್ಟವಾದರೆ ಹೇಳಿ. ಗೂಗಲ್ 2017ರಲ್ಲೇ ಧ್ವನಿ ಹುಡುಕಾಟಕ್ಕೆ ಕನ್ನಡವನ್ನು ಸೇರಿಸಿದೆ. ಫೋನಿನಲ್ಲಿ ಕನ್ನಡದಲ್ಲಿ ಕೇಳಿ ಹುಡುಕಿ, ಅಲ್ಲಿಂದ ಟಿ.ವಿ.ಗೆ ಕಾಸ್ಟ್ ಮಾಡಬಹುದು. ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ: ಈಗ ತೆಲುಗು, ತಮಿಳು, ಹಿಂದಿಯ ಎಷ್ಟೋ ದೊಡ್ಡ ಚಿತ್ರಗಳ ಜತೆ ಕನ್ನಡ ಧ್ವನಿಯೂ ಇರುತ್ತದೆ. ಚಿತ್ರ ಓಡುತ್ತಿರುವಾಗ ರಿಮೋಟಿನಲ್ಲಿ ‘ಆಡಿಯೊ’ ಎಂಬ ಆಯ್ಕೆ ತೆರೆದರೆ ಪಟ್ಟಿ ಕಾಣುತ್ತದೆ, ಅದರಲ್ಲಿ ಕನ್ನಡವನ್ನು ಒತ್ತಿದರಾಯಿತು. ಕ್ರಿಕೆಟ್ಟಿಗೂ ಇದೇ ಮಾತು. ಐಪಿಎಲ್‌ಗೆ ಕನ್ನಡ ವೀಕ್ಷಕ ವಿವರಣೆ ಇದೆ. ಅದನ್ನು ಆರಿಸಿದ ಮನೆಯೊಂದೊಂದೂ ಲೆಕ್ಕದಲ್ಲಿ ಏರುತ್ತದೆ. ಕನ್ನಡಕ್ಕೆ ಬೇಡಿಕೆಯಿಲ್ಲ ಎಂಬ ಮಾತನ್ನು ಎದುರಿಸಲು ನಮ್ಮ ಕೈಯಲ್ಲಿರುವುದು ಈ ಒಂದು ಗುಂಡಿ.

ಆ ಮಾತಿನಿಂದ ಆಗಿರುವ ನಷ್ಟ ಸಣ್ಣದಲ್ಲ. 2020ರ ಜುಲೈನಲ್ಲಿ ಚಿತ್ರಮಂದಿರಗಳು ಮುಚ್ಚಿದ್ದಾಗ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಪ್ರೈಮ್ ವಿಡಿಯೊದಲ್ಲಿ ಬಂದವು. ಎರಡನೆಯದರ ಕಥಾನಾಯಕ ನಮ್ಮ ಶಿವಾಜಿನಗರದ ಆಟೊ ಚಾಲಕ. ಮನೆಯಲ್ಲೇ ಹೊಸ ಕನ್ನಡ ಸಿನಿಮಾ, ಅದರಲ್ಲೂ ನಮ್ಮ ದಂಡು ಪ್ರದೇಶದ ಮಾತು, ಗಲ್ಲಿ, ಬದುಕು! ಇನ್ನು ಮುಂದೆ ಹೀಗೇ ಬರುತ್ತದೆ ಎಂದು ಆಸೆಪಟ್ಟೆವು. ನಾಲ್ಕು ವರ್ಷ ಕಳೆದ ಮೇಲೆ, 2024ರ ಜುಲೈನಲ್ಲಿ, ಕರಾವಳಿಯ ಏಳು ಕಥೆಗಳ ‘ಏಕಂ’ ಸರಣಿಗೆ ದೊಡ್ಡ ವೇದಿಕೆಗಳಲ್ಲಿ ಜಾಗ ಸಿಗದೆ, ರಕ್ಷಿತ್ ಶೆಟ್ಟಿ ಮತ್ತು ಸಂಗಡಿಗರು ತಾವೇ ಒಂದು ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯಿತು. ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಸ್ಟಿಕ್ಕಿನ ಮೊದಲ ಪರದೆಯಲ್ಲಿ ಎಲ್ಲೂ ಕಾಣಿಸಲಿಲ್ಲ. ಹೆಸರು ಗೊತ್ತಿದ್ದವರು ಮಾತ್ರ ಹುಡುಕಿಕೊಂಡು ಹೋಗಿ ನೋಡಿದರು.

ಮನೆಯವರು ಕರೆಯಬೇಕು, ನಿಜ. ಆದರೆ ಹೊರೆಯನ್ನೆಲ್ಲ ಮನೆಯವರ ಮೇಲೆ ಹೊರಿಸುವುದು ನ್ಯಾಯವಲ್ಲ. ಕೇಬಲ್‌ನವನಿಗೆ ಒಂದು ಕಾಯ್ದೆ ಇತ್ತೆಂದು ಆಗ ಹೇಳಿದೆ. ಚಂದನವನ್ನು ಕಣ್ಣಿಗೆ ಬೀಳುವ ಜಾಗದಲ್ಲಿ ಇಡಬೇಕೆಂದು ಗಲ್ಲಿಯ ಕೇಬಲ್‌ನವನಿಗೆ ಹೇಳಿದ ಸರ್ಕಾರ, ಸ್ಟಿಕ್ ಮಾರುವ ಜಗತ್ತಿನ ಅತಿ ದೊಡ್ಡ ಕಂಪನಿಗಳಿಗೆ ಅಂಥ ಒಂದು ಮಾತನ್ನೂ ಹೇಳಿಲ್ಲ. ಬ್ರಿಟನ್ ಹೇಳಿದೆ. ಅಲ್ಲಿನ ಸಂಸತ್ತು 2024ರ ಮೇ ತಿಂಗಳಲ್ಲಿ ಒಪ್ಪಿದ ಮೀಡಿಯಾ ಆ್ಯಕ್ಟ್ ಪ್ರಕಾರ, ಬಿಬಿಸಿ ಮೊದಲಾದ ಸಾರ್ವಜನಿಕ ಸೇವೆಯ ವಾಹಿನಿಗಳ ಆ್ಯಪುಗಳು ಸ್ಮಾರ್ಟ್ ಟಿ.ವಿ.ಗಳಲ್ಲಿ, ಸ್ಟಿಕ್ಕುಗಳಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವಂತಿರಬೇಕು. ಅದಕ್ಕೆ ಒಂದು ತಿಂಗಳು ಮುಂಚೆಯೇ ಅಲ್ಲಿನ ಪ್ರಸಾರಕರು ಸೇರಿ ‘ಫ್ರೀಲಿ’ ಎಂಬ ಸೇವೆ ತೆರೆದರು: ಏರಿಯಲ್ ಇಲ್ಲದ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಮೂಲಕವೇ, ಚಂದಾ ಇಲ್ಲದೆ, ವಾಹಿನಿಗಳನ್ನು ಹಿಂದಿನ ಹಾಗೆಯೇ ಒಂದಾದ ಮೇಲೊಂದು ತಿರುಗಿಸಿ ನೋಡಬಹುದು. ಏರಿಯಲ್ ಹೋಯಿತು ಎಂದು ಸಾರ್ವಜನಿಕ ಪ್ರಸಾರವನ್ನು ಅವರು ಕೈಬಿಡಲಿಲ್ಲ.

ನಮ್ಮಲ್ಲೂ ಕೆಲವು ಹೆಜ್ಜೆ ಇಟ್ಟಿದ್ದಾರೆ. ಪ್ರಸಾರ ಭಾರತಿ 2024ರ ನವೆಂಬರ್ 20ರಂದು ಗೋವಾ ಚಿತ್ರೋತ್ಸವದಲ್ಲಿ ‘ವೇವ್ಸ್’ ಎಂಬ ಆ್ಯಪನ್ನು ಬಿಡುಗಡೆ ಮಾಡಿತು. ದೂರದರ್ಶನದ, ಆಕಾಶವಾಣಿಯ ಕಾರ್ಯಕ್ರಮಗಳು ಅದರಲ್ಲಿ ಸಿಗುತ್ತವೆ. ಚಂದನದ ಯೂಟ್ಯೂಬ್ ಪುಟದಲ್ಲಿ ‘ಥಟ್ ಅಂತ ಹೇಳಿ’ಯ ಕಂತುಗಳಿವೆ. ಇಂಟರ್ನೆಟ್ಟೇ ಬೇಡದೆ, ಟವರಿನಿಂದ ನೇರವಾಗಿ ಫೋನಿಗೇ ಚಿತ್ರ ಕಳಿಸುವ ಡಿ2ಎಂ ಎಂಬ ತಂತ್ರದ ಪ್ರಯೋಗವೂ ನಡೆದಿದೆ. ಐಐಟಿ ಕಾನ್ಪುರ, ಪ್ರಸಾರ ಭಾರತಿಗಳ ಜತೆ ಈ ಕೆಲಸದಲ್ಲಿ ಕೈಜೋಡಿಸಿದ್ದು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್, ಪ್ರಯೋಗ ನಡೆದ ಊರುಗಳಲ್ಲಿ ಬೆಂಗಳೂರೂ ಒಂದು. ಅದಕ್ಕೆ ಬೇಕಾದ ಚಿಪ್ಪು ಫೋನುಗಳೊಳಗೆ ಬಂದರೆ, ಶೆಡ್ಡಿನಲ್ಲಿರುವ ಯಾದಗಿರಿಯ ಕುಟುಂಬ ಡೇಟಾ ಮುಗಿದ ಮೇಲೂ ಕನ್ನಡ ವಾರ್ತೆ ನೋಡಬಹುದು.

ನಾನು ಕೇಳುತ್ತಿರುವುದು ಇಷ್ಟು. ಕರ್ನಾಟಕದಲ್ಲಿ ಮಾರುವ ಪ್ರತಿ ಸ್ಮಾರ್ಟ್ ಟಿ.ವಿ.ಯ, ಪ್ರತಿ ಸ್ಟಿಕ್ಕಿನ ಮೊದಲ ಸಾಲಿನಲ್ಲಿ ಚಂದನ ಇರಬೇಕು, ಲಾಗಿನ್ ಕೇಳದೆ ತೆರೆಯಬೇಕು. ಮೊದಲ ಸಲ ಆನ್ ಮಾಡಿದಾಗ ಭಾಷೆಯ ಪಟ್ಟಿಯಲ್ಲಿ ಕನ್ನಡ ಮೇಲೆ ಬರಬೇಕು. ತಮಿಳುನಾಡಿನಲ್ಲಿ ತಮಿಳು, ಒಡಿಶಾದಲ್ಲಿ ಒಡಿಯಾ ಹೀಗೆಯೇ ಬರಲಿ. ಇಲ್ಲಿರುವ ಒಡಿಯಾ ಹುಡುಗ ತನ್ನ ಭಾಷೆಯನ್ನು ಎರಡನೆಯದಾಗಿ ಆರಿಸಿಕೊಳ್ಳಲಿ. ಅವನ ಕಿವಿಗೂ ದಿನಕ್ಕೆ ನಾಲ್ಕು ಕನ್ನಡದ ಮಾತು ಬಿದ್ದರೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಅವನಿಗೇ ಅನುಕೂಲ. ಪ್ರಸಾರದ ನಿಯಮಗಳನ್ನು ರೂಪಿಸುವಾಗ ಟ್ರಾಯ್ ಸಂಸ್ಥೆ ಸಮಾಲೋಚನಾ ಪತ್ರ ಹೊರಡಿಸಿ ಅಭಿಪ್ರಾಯ ಕೇಳುತ್ತದೆ. ಅದಕ್ಕೆ ಕಂಪನಿಗಳೂ ಸಂಘಗಳೂ ಬರೆಯುತ್ತವೆ; ಸಾಮಾನ್ಯ ನಾಗರಿಕರು ಬರೆಯುವುದು ತೀರ ಕಡಿಮೆ. ಬಡಾವಣೆಯ ಕನ್ನಡ ಸಂಘಗಳು ನವೆಂಬರಿನ ಆರ್ಕೆಸ್ಟ್ರಾಕ್ಕೆ ಚಂದಾ ಎತ್ತುವಾಗ ಈ ಒಂದು ಪತ್ರಕ್ಕೂ ಸಹಿ ಸಂಗ್ರಹಿಸಬಹುದು. ಪತ್ರದ ಒಕ್ಕಣೆ ಉದ್ದ ಬೇಡ. ಕೇಬಲ್‌ನವರಿಗೆ ದೂರದರ್ಶನವನ್ನು ಕಡ್ಡಾಯ ಮಾಡಿದ ನಿಯಮವನ್ನು ಸ್ಟಿಕ್ಕಿಗೂ ಸ್ಮಾರ್ಟ್ ಟಿ.ವಿ.ಗೂ ವಿಸ್ತರಿಸಿ ಎಂದು ಕನ್ನಡದಲ್ಲಿ ಬರೆದು, ಕೆಳಗೆ ಬಡಾವಣೆಯ ಹೆಸರು ಹಾಕಿ, ಟ್ರಾಯ್‌ಗೆ ಒಂದು ಪ್ರತಿ, ನಿಮ್ಮ ಲೋಕಸಭಾ ಸದಸ್ಯರಿಗೆ ಒಂದು ಪ್ರತಿ ಕಳಿಸಿ. ಗರುಡಾಚಾರ್‌ಪಾಳ್ಯದಿಂದ ಹೋಗುವ ಪತ್ರವನ್ನು ನಾವು ಬರೆಯಲು ಕೂತಿದ್ದೇವೆ.